ಇಬ್ಬರಿಗೂ ಇದ್ದ ಮೇಲೆ ಇನ್ನೇನು?

"ಇಬ್ರಿಗೂ ಐತಲ್ಲ ಮೇಡಮ್, ಇನ್ನೇನು ಹೊಸದಾಗಿ ಬರಾಕೈತೆ?"

ಮಾವ ಇದನ್ನ ಕೇಳಿದ್ದು 2009ರಲ್ಲಿ, ಬೆಂಗಳೂರಿನ ಒಂದು ಎಆರ್‌ಟಿ ಸೆಂಟರಿನಲ್ಲಿ. ಮೇಜಿನ ಆಚೆ ಕೌನ್ಸೆಲರ್. ಈಚೆ ಮಾವನ ಒಂದು ಪಕ್ಕ ಅತ್ತೆ, ಇನ್ನೊಂದು ಪಕ್ಕ ನಾನು. ಹೊರಗೆ ಬೆಂಚು ಸಾಲದೆ ನೆಲದ ಮೇಲೂ ಕೂತು ಸರದಿ ಕಾಯ್ತಿದ್ದ ಜನ. ಕೌನ್ಸೆಲರ್ ನಿರೋಧ್ ಪ್ಯಾಕೆಟ್ಟುಗಳನ್ನ ಮುಂದಿಟ್ಟು, "ಇಬ್ರೂ ಪಾಸಿಟಿವ್ ಆಗಿದ್ರೂ ಇದನ್ನ ಬಿಡಬಾರದು" ಅಂದಿದ್ದರು. ಅದಕ್ಕೆ ಮಾವನ ಪ್ರಶ್ನೆ. "ಬೇರೆ ಥರದ ವೈರಸ್ ಸೇರ್ಕೊಂಡ್ರೆ ಕಷ್ಟ ಆಗುತ್ತೆ, ಹೇಳಿದಷ್ಟು ಮಾಡಿ" ಅಂತ ಹೇಳಿ ಅವರು ಮುಂದಿನ ಪುಸ್ತಕ ಕೈಗೆತ್ತಿಕೊಂಡರು. ಅವರನ್ನ ಬೈಯೋಕಾಗಲ್ಲ. ದಿನಕ್ಕೆ ಅಷ್ಟು ಜನರಿಗೆ ಅಷ್ಟೇ ಮಾತು ಹೇಳಬೇಕಾದವರು ಅವರು.

ಹೊರಗೆ ಬಂದ ಮೇಲೆ ಮಾವ ನನ್ನ ಕಡೆ ತಿರುಗಿದ. "ಏನೋ ಅಳಿಯಾ, ಇಂಜಿನಿಯರಿಂಗ್ ಓದ್ತಿದ್ದೀಯ, ನಿಂಗಾದ್ರೂ ಗೊತ್ತಾ?"

ಗೊತ್ತಿರಲಿಲ್ಲ. ನಿಜ ಹೇಳಬೇಕಂದ್ರೆ ನನಗೂ ಮಾವನ ಲೆಕ್ಕವೇ ಸರಿ ಅನ್ನಿಸಿತ್ತು. ಮುಳುಗಿದವನಿಗೆ ಚಳಿ ಏನು, ಮಳೆ ಏನು?

ಮಾವ ಅಂದ್ರೆ ನಮ್ಮಮ್ಮನ ತಮ್ಮ. ಲಾರಿ ಡ್ರೈವರ್. ಬೆಂಗಳೂರು-ಪುಣೆ ಹೈವೇಲಿ ಇಪ್ಪತ್ತು ವರ್ಷ ಈರುಳ್ಳಿ, ಅಡಿಕೆ, ಸಿಮೆಂಟು ಸಾಗಿಸಿದವನು. 2006ರಲ್ಲಿ ಅವನಿಗೆ ಎಚ್‌ಐವಿ ಇರೋದು ಗೊತ್ತಾಯ್ತು. ತಿಂಗಳ ನಂತರ ಅತ್ತೆಗೂ. ಸರ್ಕಾರ ಪುಕ್ಕಟೆ ಮಾತ್ರೆ ಕೊಡೋಕೆ ಶುರುಮಾಡಿ ಆಗಿನ್ನೂ ಎರಡು ವರ್ಷ. ನಮ್ಮ ಜಿಲ್ಲೆಯ ಕಡೆ ಹೋದರೆ ಯಾರಾದರೂ ಗುರುತು ಹಿಡೀತಾರೆ ಅಂತ ಅವನು ಬೆಂಗಳೂರಿಗೆ ಬರೋದನ್ನೇ ರೂಢಿ ಮಾಡಿಕೊಂಡ. ಕನ್ನಡ ಓದುತ್ತಿದ್ದ, ಇಂಗ್ಲಿಷ್ ಬರ್ತಿರಲಿಲ್ಲ. ಚೀಟಿ ಓದೋಕೆ ನಾನು ಬೇಕಾಗಿದ್ದೆ.

ಊರಲ್ಲಿ ಅಜ್ಜಿ ಅವನಿಗೆ ಬೇರೆ ತಟ್ಟೆ, ಬೇರೆ ಚೊಂಬು ಇಟ್ಟಿದ್ದರು. ತೊಳೆದ ಮೇಲೆ ಅವು ಅಡುಗೆಮನೆಗೆ ವಾಪಸ್ ಬರ್ತಿರಲಿಲ್ಲ, ಕೊಟ್ಟಿಗೆಯ ಗೋಡೆಗೂಡಲ್ಲಿ ಇರುತ್ತಿದ್ದವು. ಅಜ್ಜಿಗೆ ತಿಳಿವಳಿಕೆ ಇರಲಿಲ್ಲ ಅಂದುಕೊಳ್ಳೋಣ. ನನ್ನ ಕತೆ? ಮಾರನೇ ವರ್ಷದ ಯುಗಾದಿಗೆ ಹೋದಾಗ ತೋಟದಲ್ಲಿ ಮಾವ ತಾನು ಕುಡಿದು ಬಾಟ್ಲಿ ನನ್ನ ಕಡೆ ಚಾಚಿದ. ತಲೆ ಸುಡೋ ಬಿಸಿಲು. "ಬಾಯಾರಿಕೆ ಇಲ್ಲ ಮಾವ" ಅಂದೆ. ಒಂದು ಮಾತೂ ಆಡದೆ ಮುಚ್ಚಳ ತಿರುಗಿಸಿ ಪಕ್ಕಕ್ಕಿಟ್ಟ. ಎಂಜಲಿನಿಂದ, ಜೊತೆಗೆ ಊಟ ಮಾಡೋದರಿಂದ ಎಚ್‌ಐವಿ ಹರಡುವುದಿಲ್ಲ ಅಂತ ಪರೀಕ್ಷೇಲಿ ಬರೆದು ಮಾರ್ಕ್ಸ್ ತಗೊಂಡಿದ್ದವನು ನಾನು.

ಇದನ್ನ ಹೇಳಲೇಬೇಕು. ಯಾಕಂದ್ರೆ ಮುಂದಿನದೆಲ್ಲ ಇಲ್ಲಿಂದಲೇ ಶುರುವಾಗುತ್ತೆ.

ಮನೆಯಲ್ಲೇ ಹೀಗಿರುವಾಗ ಲಾರಿಯಲ್ಲಿ ಮಾವ ಮಾತ್ರೆ ಡಬ್ಬಿಯನ್ನ ಎಲ್ಲರೆದುರು ತೆಗೀತಾನಾ? ದೇವರ ಪಟದ ಹಿಂದೆ ಬಚ್ಚಿಟ್ಟಿದ್ದ. ಆಗ ಅವನಿಗೆ ಕೊಟ್ಟಿದ್ದು ಮೂರು ಔಷಧ ಸೇರಿಸಿದ ಒಂದೇ ಮಾತ್ರೆ, ಬೆಳಿಗ್ಗೆ ಒಂದು, ರಾತ್ರಿ ಒಂದು. ಕ್ಲೀನರ್ ಕೇಳಿದಾಗ ಗ್ಯಾಸ್ಟ್ರಿಕ್ ಮಾತ್ರೆ ಅಂದ. ಜೊತೆಗೆ ಇನ್ನೊಬ್ಬ ಡ್ರೈವರ್ ಇದ್ದಾಗ ನುಂಗೋದನ್ನೇ ಬಿಟ್ಟ. ಸೆಂಟರಿನಲ್ಲಿ ಉಳಿದ ಮಾತ್ರೆ ಎಣಿಸ್ತಾರಲ್ಲ, ಹಾಗಾಗಿ ಬಿಟ್ಟವನ್ನ ಲೆಕ್ಕ ಹಾಕಿ ಢಾಬಾ ಹಿಂದೆ ಎಸೀತಿದ್ದ. ಇದೆಲ್ಲ ನಮಗೆ ಗೊತ್ತಾಗಿದ್ದು 2013ರಲ್ಲಿ, ಅವನು ಅರ್ಧಕ್ಕರ್ಧ ಇಳಿದುಹೋಗಿ, ಸಿಡಿ4 ಕುಸಿದು, ವೈರಲ್ ಲೋಡ್ ಏರಿದ ಮೇಲೆ. ಹಳೇ ಮಾತ್ರೆ ಕೆಲಸ ಮಾಡ್ತಿಲ್ಲ, ಎರಡನೇ ಹಂತದ ಔಷಧಕ್ಕೆ ಹೋಗಬೇಕು ಅಂದರು ಡಾಕ್ಟರು.

ಅವತ್ತು ರಾತ್ರಿ ಇಬ್ಬರೂ ನನ್ನ ರೂಮಲ್ಲೇ ಉಳಿದರು. ಊಟ ಆದ ಮೇಲೆ ಮಾವ ಎರಡನೇ ಪ್ರಶ್ನೆ ಕೇಳಿದ.

"ನಂದು ಮಾತ್ರೆಗೆ ಬಗ್ಗದೇ ಇರೋ ವೈರಸ್ಸಂತೆ. ಅವಳದು ಇನ್ನೂ ಬಗ್ಗತೈತೆ. ನಂದು ಅವಳಿಗೆ ಹೋದ್ರೆ ಏನ್ಲಾ ಗತಿ?"

ಅತ್ತೆ ಪಾತ್ರೆ ತೊಳೀತಿದ್ದರು. ತಿರುಗಿ ನೋಡದೆ ಹೇಳಿದರು: "ಹೋದ್ರೆ ಹೋಗ್ಲಿ. ಮೊದ್ಲುದ್ದೂ ಅಲ್ಲಿಂದಾನೇ ಬಂದಿದ್ದು."

ಅಷ್ಟು ವರ್ಷದಲ್ಲಿ ಅತ್ತೆ ಆ ಮಾತೆತ್ತಿದ್ದು ಅದೊಂದೇ ಸಲ. ಆ ರಾತ್ರಿ ನಾನು ಓದೋಕೆ ಕೂತೆ.

ಮೊದಲು ಆಶ್ಚರ್ಯ ಆಗಿದ್ದು ಸೈಜು ನೋಡಿ. ಎಚ್‌ಐವಿಯ ಪೂರ್ತಿ ಕೋಡು ಸುಮಾರು 9,700 ಅಕ್ಷರ. ಜೀನುಗಳು ಒಂಬತ್ತು. ಟೆಕ್ಸ್ಟ್ ಫೈಲ್ ಮಾಡಿದರೆ ಹತ್ತು ಕೆಬಿ ಕೂಡ ಆಗಲ್ಲ. ನಮ್ಮ ಫ್ಯಾಮಿಲಿ ಗ್ರೂಪಿನ ಒಂದು ಗುಡ್ ಮಾರ್ನಿಂಗ್ ಫೋಟೋ ಇದಕ್ಕಿಂತ ಎಷ್ಟೋ ಪಾಲು ದೊಡ್ಡದು. ಇಷ್ಟು ಚಿಕ್ಕ ಫೈಲು ನಮ್ಮ ಮನೆಯನ್ನ ಹೀಗೆ ಅಲ್ಲಾಡಿಸಿತ್ತು.

ಈ ಕೋಡು ಇರೋದು ಆರ್‌ಎನ್‌ಎ ರೂಪದಲ್ಲಿ. ಒಂದೊಂದು ವೈರಸ್ ಕಣದೊಳಗೂ ಅದರ ಎರಡೆರಡು ಪ್ರತಿ. ಕಣ ನಮ್ಮ ಜೀವಕೋಶಕ್ಕೆ ನುಗ್ಗಿದ ಮೇಲೆ ರಿವರ್ಸ್ ಟ್ರಾನ್ಸ್‌ಕ್ರಿಪ್ಟೇಸ್ ಅನ್ನೋ ಕಿಣ್ವ ಆರ್‌ಎನ್‌ಎ ಓದಿ ಡಿಎನ್‌ಎ ಬರೆಯುತ್ತೆ. ಆ ಡಿಎನ್‌ಎ ನಮ್ಮ ಕೋಶದ ಡಿಎನ್‌ಎ ಒಳಗೆ ಸೇರಿಕೊಂಡುಬಿಡುತ್ತೆ. ಆಮೇಲೆ ಆ ಕೋಶ ವೈರಸ್ ತಯಾರಿಸೋ ಕಾರ್ಖಾನೆ.

ಈ ಕಿಣ್ವಕ್ಕೆ ಎರಡು ಚಾಳಿ. ಒಂದು, ಬರೆದದ್ದನ್ನ ತಿರುಗಿ ಓದಿ ತಿದ್ದಲ್ಲ. ತಪ್ಪಾದರೆ ತಪ್ಪೇ. ಎರಡು, ಇದೇ ನನ್ನನ್ನ ಕುರ್ಚಿಯಿಂದ ಎಬ್ಬಿಸಿದ್ದು, ಅದು ಒಂದೇ ಪ್ರತಿಯನ್ನ ಮೊದಲಿಂದ ಕೊನೆವರೆಗೆ ಓದಲ್ಲ. ಒಂದನ್ನ ಓದ್ತಾ ಓದ್ತಾ ನಡುವೆ ಇನ್ನೊಂದಕ್ಕೆ ನೆಗೆದು, ಅದೇ ಸಾಲಿನಿಂದ ಮುಂದುವರಿಯುತ್ತೆ. ಎಷ್ಟು ಸಲ ನೆಗೆಯುತ್ತೆ? ಇದರ ಲೆಕ್ಕ ಹಾಕಿದವರು ನಮ್ಮ ಬೆಂಗಳೂರಲ್ಲೇ ಇದ್ದರು. ಐಐಎಸ್‌ಸಿಯ ನರೇಂದ್ರ ದೀಕ್ಷಿತ್ ಮತ್ತು ಗಜೇಂದ್ರ ಸೂರ್ಯವಂಶಿ 2007ರಲ್ಲಿ ಪ್ರಕಟಿಸಿದ ಪ್ರಬಂಧದ ವಿಷಯವೇ ಎಚ್‌ಐವಿಯ ಮಿಶ್ರ ರೂಪಗಳು ಹುಟ್ಟುವ ಬಗೆ. ಒಂದು ಸಲ ಪೂರ್ತಿ ನಕಲು ಮಾಡುವಷ್ಟರಲ್ಲಿ ಸರಾಸರಿ ಸುಮಾರು 8 ನೆಗೆತ ಅಂತ ಅವರ ಅಂದಾಜು. ಊರಿಂದ ತುಮಕೂರು ರಸ್ತೆಯಲ್ಲಿ ಬಂದು ಯಶವಂತಪುರದ ಆಸುಪಾಸು ಇಳಿದಾಗೆಲ್ಲ "ಟಾಟಾ ಇನ್‌ಸ್ಟಿಟ್ಯೂಟ್" ಅಂತ ಕೂಗೋ ಕಂಡಕ್ಟರುಗಳನ್ನ ಕೇಳಿದ್ದೆ. ಮಾವನ ಪ್ರಶ್ನೆಗೆ ಬೇಕಾದ ಗಣಿತ ಅದೇ ಕಾಂಪೌಂಡಿನ ಒಳಗೆ ನಡೆದಿದ್ದು ಮಾತ್ರ ಗೊತ್ತಿರಲಿಲ್ಲ.

ಎರಡೂ ಪ್ರತಿ ಒಂದೇ ಥರ ಇದ್ದರೆ ಎಂಟು ಸಲ ನೆಗೆದರೂ ಅಷ್ಟೇ, ಎಂಬತ್ತು ಸಲ ನೆಗೆದರೂ ಅಷ್ಟೇ. ಒಂದೇ ಡಾಕ್ಯುಮೆಂಟಿನ ಎರಡು ಪ್ರಿಂಟ್‌ಔಟ್ ಹಿಡಿದು ಓದಿದ ಹಾಗೆ. ವ್ಯತ್ಯಾಸ ಬರೋದು ಒಂದೇ ಜೀವಕೋಶಕ್ಕೆ ಎರಡು ಬೇರೆ ಬೇರೆ ವೈರಸ್ ನುಗ್ಗಿದಾಗ. ಆಗ ಆ ಕೋಶದಿಂದ ಹೊರಡೋ ಕೆಲವು ಕಣಗಳಲ್ಲಿ ಅದರದೊಂದು, ಇದರದೊಂದು ಪ್ರತಿ ಪ್ಯಾಕ್ ಆಗುತ್ತೆ. ಆ ಕಣ ಮುಂದಿನ ಕೋಶಕ್ಕೆ ಹೋದಾಗ ಕಿಣ್ವ ತನ್ನ ಚಾಳಿಯಂತೆ ಇಲ್ಲಿಂದಲ್ಲಿಗೆ ನೆಗೆಯುತ್ತೆ. ಮೊದಲ ಮೂರು ಸಾವಿರ ಅಕ್ಷರ ಇದರದ್ದು, ಆಮೇಲೆ ಒಂದು ಸಾವಿರ ಅದರದ್ದು, ಮತ್ತೆ ಇದರದ್ದು. ಹುಟ್ಟಿದ್ದು ಮೂರನೇ ವೈರಸ್. ಇದಕ್ಕೆ ಮರುಸಂಯೋಜನೆ, ಅಂದರೆ ರೀಕಾಂಬಿನೇಶನ್ ಅಂತಾರೆ.

ನಾವು ಎರಡು ಬ್ರಾಂಚ್ ಮರ್ಜ್ ಮಾಡ್ತೀವಲ್ಲ, ಹಾಗೇ. ವ್ಯತ್ಯಾಸ ಏನಂದ್ರೆ ಇಲ್ಲಿ ರಿವ್ಯೂ ಇಲ್ಲ, ಟೆಸ್ಟಿಂಗ್ ಇಲ್ಲ, ಬಹುಪಾಲು ಬಿಲ್ಡ್ ಕೆಟ್ಟೇ ಹೋಗುತ್ತೆ. ಆದರೆ ಚಿಕಿತ್ಸೆ ಇಲ್ಲದ ಒಂದು ದೇಹದಲ್ಲಿ ದಿನಕ್ಕೆ ಸುಮಾರು ಸಾವಿರ ಕೋಟಿ ಕಣಗಳು ತಯಾರಾಗ್ತವೆ. ಅಷ್ಟು ಬಿಲ್ಡುಗಳಲ್ಲಿ ಒಂದೆರಡು ಓಡಿದರೆ ಸಾಕು.

ಇಷ್ಟು ತಿಳಿದ ಮೇಲೆ ಮೂರು ಔಷಧ ಯಾಕೆ ಒಟ್ಟಿಗೆ ಕೊಡ್ತಾರೆ ಅನ್ನೋದೂ ಬಿಡಿಸಿಕೊಂಡಿತು. ಮಾವ ಮೊದಲು ತಗೊಳ್ತಿದ್ದ ಮೂರರಲ್ಲಿ ನೆವಿರಪಿನ್ ಒಂದು. ಅದನ್ನ ತಪ್ಪಿಸಿಕೊಳ್ಳೋಕೆ ವೈರಸ್‌ನ 9,700 ಅಕ್ಷರಗಳಲ್ಲಿ ಸರಿಯಾದ ಜಾಗದ ಒಂದೇ ಒಂದು ಅಕ್ಷರ ಬದಲಾದರೂ ಸಾಕು. ಲ್ಯಾಮಿವುಡಿನ್‌ಗೂ ಹಾಗೇ. ಒಂದು ಅಕ್ಷರ ಕಾಗುಣಿತ ತಪ್ಪೋದು ಈ ವೈರಸ್ಸಿಗೆ ದಿನದ ಕೆಲಸ. ಆದರೆ ಮೂರೂ ಔಷಧ ತಪ್ಪಿಸಿಕೊಳ್ಳೋ ಬದಲಾವಣೆಗಳು ಒಂದೇ ಪ್ರತಿಯಲ್ಲಿ, ಒಂದೇ ಸಲಕ್ಕೆ ಆಗೋದು ಬಹಳ ಅಪರೂಪ. ಚಿಕಿತ್ಸೆ ನಿಂತಿರೋದೇ ಈ ಅಪರೂಪದ ಮೇಲೆ. ಮಾತ್ರೆ ಬಿಟ್ಟು ಬಿಟ್ಟು ತಗೊಂಡಾಗ ಏನಾಗುತ್ತೆ? ವೈರಸ್ ಮತ್ತೆ ಹೆಚ್ಚುತ್ತೆ, ರಕ್ತದಲ್ಲಿ ಅರೆಬರೆ ಔಷಧ ಇರುತ್ತೆ, ತಪ್ಪಿಸಿಕೊಂಡವೇ ಬೆಳೀತವೆ. ಒಂದರಲ್ಲಿ ಒಂದು ಔಷಧದ ತಪ್ಪಿಸುವಿಕೆ, ಇನ್ನೊಂದರಲ್ಲಿ ಇನ್ನೊಂದರದ್ದು. ಇವೆರಡೂ ಒಂದೇ ಕೋಶದಲ್ಲಿ ಸಿಕ್ಕರೆ ಮರುಸಂಯೋಜನೆ ಎರಡನ್ನೂ ಒಂದೇ ಪ್ರತಿಗೆ ಸೇರಿಸಬಹುದು. ಸೇರಿದ್ದನ್ನ ಬೇರೆ ಮಾಡಲೂಬಹುದು, ಅದಕ್ಕೇನು ಗುರಿ ಇರಲ್ಲ. ಆದರೆ ಔಷಧ ಇರೋ ದೇಹದಲ್ಲಿ ಉಳಿದು ಬೆಳೆಯೋದು ಯಾವುದು ಅಂತ ಹೇಳಬೇಕಾಗಿಲ್ಲ.

ಈಗ ಮಾವನ ಎರಡು ಪ್ರಶ್ನೆಗೆ ಬರ್ತೀನಿ.

ಶುರುವಿನಲ್ಲಿ ಇಬ್ಬರದೂ ಹೆಚ್ಚುಕಮ್ಮಿ ಒಂದೇ ವೈರಸ್ ಇದ್ದಿರಬೇಕು. ಆದರೆ ಒಂದೇ ಬೀಜ ಎರಡು ಹೊಲಕ್ಕೆ ಬಿದ್ದು ವರ್ಷಗಳೇ ಆಗಿದ್ದವು. ಅತ್ತೆ ಒಂದು ದಿನ ತಪ್ಪದೆ ಮಾತ್ರೆ ತಗೊಂಡಿದ್ದರು, ಅವರದು ಅಡಗಿ ಕೂತಿತ್ತು. ಮಾವನದು ಔಷಧ ತಪ್ಪಿಸೋದನ್ನ ಕಲಿತಿತ್ತು. ಅದು ಅತ್ತೆಗೆ ದಾಟಿದರೆ, ಅಷ್ಟು ವರ್ಷ ಅವರನ್ನ ಕಾಪಾಡಿದ ಮಾತ್ರೆ ಈ ಹೊಸಬನ ಮುಂದೆ ಸೋಲಬಹುದಿತ್ತು. ಒಮ್ಮೆ ಸೋಂಕಾದವರಿಗೆ ಮತ್ತೊಂದು ತಳಿ ಅಂಟೋದು ಬರೀ ಊಹೆಯಲ್ಲ. 2002ರಲ್ಲೇ ಇಂಥ ಪ್ರಕರಣಗಳನ್ನ ವೈದ್ಯರು ದಾಖಲಿಸಿದ್ದರು. ಅಂದರೆ ಆ ಕೌನ್ಸೆಲರ್ ಹೇಳಿದ ಒಂದೇ ಸಾಲು ಪೂರ್ತಿ ನಿಜ. ಮುಳುಗಿದವನಿಗೂ ಮಳೆ ಲೆಕ್ಕಕ್ಕೆ ಬರುತ್ತೆ.

ಆದರೆ ಅದೇ ಗಣಿತ ಇನ್ನೊಂದು ಮಾತನ್ನೂ ಹೇಳುತ್ತೆ. ಮರ್ಜ್ ಆಗಬೇಕಾದರೆ ಒಂದು ಕೋಶದಲ್ಲಿ ಎರಡು ವೈರಸ್ ಸಿಗಬೇಕು. ವೈರಸ್ ಇರೋ ಕೋಶಗಳೇ ಕಡಿಮೆ ಆದರೆ ಆ ಭೇಟಿಯೂ ಕಡಿಮೆ. ಮಾತ್ರೆ ಸರಿಯಾಗಿ ತಗೊಂಡು ವೈರಲ್ ಲೋಡ್ ಟೆಸ್ಟಿಗೇ ಸಿಗದಷ್ಟು ಇಳಿದು ಹಾಗೇ ಉಳಿದರೆ, ಲೈಂಗಿಕ ಸಂಪರ್ಕದಿಂದ ಇನ್ನೊಬ್ಬರಿಗೆ ದಾಟುವುದೇ ಇಲ್ಲ. ಹೊಸ ತಳಿ ಹುಟ್ಟೋ ಕಾರ್ಖಾನೆಗೆ ಬೀಗ ಹಾಕೋದು ದಿನದ ಮಾತ್ರೆಯೇ.

ಬೆಳಿಗ್ಗೆ ಮಾವನಿಗೆ ಇಷ್ಟನ್ನೂ ಹೇಳಿದೆ. ಬ್ರಾಂಚು, ಮರ್ಜು ಬೇಡ ಅಂತ ಜೋಳದ ಲೆಕ್ಕ ಕೊಟ್ಟೆ. "ಪಕ್ಕದ ಹೊಲದ ಜೋಳದ ಪರಾಗ ನಮ್ಮ ತೆನೆಗೆ ಬಿದ್ದು ಬಣ್ಣ ಬೆರಕೆ ಆಗುತ್ತಲ್ಲ, ಹಾಗೆ" ಅಂದೆ. ಅವನು ತಕ್ಷಣ ಹಿಡಿದ. "ಹಂಗಾದ್ರೆ ನಾನು ಮಾತ್ರೆ ಬಿಟ್ಟಿದ್ದು ನನ್ನ ಹೊಲಕ್ಕಷ್ಟೇ ಅಲ್ಲ, ಅವಳ ಹೊಲಕ್ಕೂ ಕೇಡು." ಅತ್ತೆಯ ಮುಖ ನೋಡಲಿಲ್ಲ.

ಎರಡು ಹೊಲದ ಮಾತು ಹಾಗಿರಲಿ, ಇದು ದೇಶ ದೇಶಗಳ ನಡುವೆಯೂ ಆಗಿದೆ. ಎಚ್‌ಐವಿ-1ರ ಮುಖ್ಯ ಗುಂಪಿನಲ್ಲಿ ಎ, ಬಿ, ಸಿ, ಡಿ ಅಂತ ಉಪಪ್ರಕಾರಗಳಿವೆ. ಅಮೆರಿಕ, ಪಶ್ಚಿಮ ಯುರೋಪಿನಲ್ಲಿ ಬಿ ಹೆಚ್ಚು. ಭಾರತದಲ್ಲಿ, ದಕ್ಷಿಣ ಆಫ್ರಿಕಾದ ಕಡೆ ಸಿ. ಥಾಯ್ಲೆಂಡಿನ ಕಡೆಯಿಂದ ಬಂದ ಬಿ, ಭಾರತದ ಸಿಗೆ ಹತ್ತಿರದ ಸಿ, ಇವೆರಡೂ ಎದುರಾದದ್ದು ಚೀನಾದ ಯುನ್ನಾನ್ ಪ್ರಾಂತ್ಯದ ಸುತ್ತ, ಹೆರಾಯಿನ್ ಸಾಗೋ ದಾರಿಯಲ್ಲಿ, ಒಂದೇ ಸೂಜಿ ಹಂಚಿಕೊಂಡವರ ರಕ್ತದಲ್ಲಿ. ಅಲ್ಲಿ ಹುಟ್ಟಿದ ಬೆರಕೆಗಳಿಗೆ ಸಿಆರ್‌ಎಫ್07_ಬಿಸಿ, ಸಿಆರ್‌ಎಫ್08_ಬಿಸಿ ಅಂತ ಹೆಸರು. ಮೊದಲನೆಯದು ಚೀನಾದ ಇನ್ನೊಂದು ತುದಿಯ ಶಿನ್‌ಜಿಯಾಂಗ್‌ವರೆಗೆ ಹೋಯಿತು, ಎರಡನೆಯದು ಗುವಾಂಗ್‌ಷಿಗೆ. ಒಬ್ಬರಿಗೊಬ್ಬರು ನೇರ ಸಂಬಂಧವಿಲ್ಲದ ಕನಿಷ್ಠ ಮೂವರಲ್ಲಿ ಒಂದೇ ಬೆರಕೆ ಸಿಕ್ಕರೆ ಮಾತ್ರ ಇಂಥ ನಂಬರ್ ಕೊಡ್ತಾರೆ. ಹಾಗೆ ನಂಬರ್ ಪಡೆದವು ಈಗ ನೂರು ದಾಟಿವೆ. ಥಾಯ್ಲೆಂಡಿನಲ್ಲಿ ಮೊದಲು 'ಇ' ಅಂತ ಕರೆದಿದ್ದ ಪ್ರಕಾರವೂ ಪೂರ್ತಿ ಓದಿ ನೋಡಿದಾಗ ಎ ಜೊತೆಗಿನ ಬೆರಕೆ ಅಂತ ತಿಳಿಯಿತು. ಬೆರಕೆಯಾಗದ ಅಪ್ಪಟ 'ಇ' ಇವತ್ತಿಗೂ ಸಿಕ್ಕಿಲ್ಲ.

ಇನ್ನೂ ಹಿಂದೆ ಹೋದರೆ ಈ ವೈರಸ್ಸಿನ ಬೇರೇ ಬೆರಕೆ. ಎಚ್‌ಐವಿ-1 ಮನುಷ್ಯರಿಗೆ ಬಂದದ್ದು ಮಧ್ಯ ಆಫ್ರಿಕಾದ ಚಿಂಪಾಂಜಿಗಳಿಂದ. ಆ ಚಿಂಪಾಂಜಿ ವೈರಸ್ ಹುಟ್ಟಿದ್ದು ಬೇರೆ ಬೇರೆ ಜಾತಿಯ ಕೋತಿಗಳ ಎರಡು ವೈರಸ್ ಬೆರೆತು ಅಂತ 2003ರಲ್ಲಿ ವಿಜ್ಞಾನಿಗಳು ತೋರಿಸಿದರು. ಚಿಂಪಾಂಜಿಗಳು ಕೋತಿಗಳನ್ನ ಬೇಟೆಯಾಡಿ ತಿಂತವೆ. ಎರಡೂ ವೈರಸ್ ಯಾವುದೋ ಒಂದು ಚಿಂಪಾಂಜಿಯ ಒಂದು ಕೋಶದಲ್ಲಿ ಭೇಟಿಯಾದವು. ನಮ್ಮ ಮಾವನ ಮೈಯಲ್ಲಿ ಇರೋದು ಆ ಭೇಟಿಯ ಸಂತಾನ.

2022ರ ಫೆಬ್ರವರಿಯಲ್ಲಿ ಮಾವ ಫೋನ್ ಮಾಡಿದ. ಗಾಬರಿಯ ದನಿ. "ಟೀವೀಲಿ ಹೊಸ ಎಚ್‌ಐವಿ ಅಂತ ತೋರಿಸ್ತಾವ್ರೆ ಕಣೋ, ಭಾರೀ ಜೋರಂತೆ." ನೆದರ್ಲೆಂಡ್ಸ್‌ನಲ್ಲಿ 109 ಜನರಲ್ಲಿ ಕಂಡ ತಳಿ. ವೈರಲ್ ಲೋಡ್ ಮಾಮೂಲಿಗಿಂತ ಮೂರೂವರೆಯಿಂದ ಐದೂವರೆ ಪಟ್ಟು, ಸಿಡಿ4 ಕುಸಿಯೋ ವೇಗ ದುಪ್ಪಟ್ಟು. ನಾನು ಬೆರಕೆ ಇರಬೇಕು ಅಂದುಕೊಂಡೇ ಓದಿದೆ. ಅಲ್ಲ. ಅದು ಕಾಗುಣಿತ ತಪ್ಪುಗಳು ಸೇರಿ ಸೇರಿಯೇ 1990ರ ದಶಕದಲ್ಲಿ ಹುಟ್ಟಿದ್ದು, ಮರುಸಂಯೋಜನೆಯಿಂದ ಅಲ್ಲ ಅಂತ ಆ ಅಧ್ಯಯನವೇ ಹೇಳಿತ್ತು. ಹೊಸತು ಹುಟ್ಟೋಕೆ ವೈರಸ್ಸಿಗೆ ಎರಡು ದಾರಿ ಅಂತ ಮರೆತಿದ್ದೆ.

ಟೀವಿಯವರು ಜೋರಾಗಿ ಹೇಳದ ಒಂದು ಸಾಲೂ ಅದರಲ್ಲಿತ್ತು: ಚಿಕಿತ್ಸೆ ಶುರುವಾದ ಮೇಲೆ ಈ ತಳಿಯವರೂ ಬೇರೆಯವರಷ್ಟೇ ಚೇತರಿಸಿಕೊಂಡರು.

"ಈಗಿರೋ ಮಾತ್ರೆ ಅದಕ್ಕೂ ಕೆಲಸ ಮಾಡುತ್ತೆ ಮಾವ" ಅಂದೆ.

"ಅಷ್ಟೇ ತಾನೆ" ಅಂದು ಮಾವ ಮಳೆ ಬೆಳೆ ಮಾತಿಗೆ ಹೊರಳಿದ. ಈಗ ಅವನು ಲಾರಿ ಬಿಟ್ಟು ತೋಟ ನೋಡ್ಕೊಂಡಿದ್ದಾನೆ. ಎರಡನೇ ಹಂತದ ಮಾತ್ರೆ ಶುರುವಾದ ಮೇಲೆ ಒಂದು ದಿನವೂ ತಪ್ಪಿಸಿಲ್ಲ. ವೈರಲ್ ಲೋಡ್ ಪತ್ತೆಗೆ ಸಿಗಲ್ಲ, ಅತ್ತೆಯದೂ ಸಿಗಲ್ಲ. ಅವನ ವೈರಸ್ಸಿನ ಅಕ್ಷರಗಳನ್ನ ಯಾರೂ ಕೂತು ಓದಿಲ್ಲ. ಅದರಲ್ಲಿ ಯಾವ ತಪ್ಪು, ಯಾವ ಬೆರಕೆ ಇದೆಯೋ. ಅದು ಮಲಗಿದೆ, ಮಲಗಿರಲಿ.

ಅವನ ಫೋನಲ್ಲಿ ರಾತ್ರಿ ಒಂಬತ್ತಕ್ಕೆ ಅಲಾರಂ ಹೊಡೆಯುತ್ತೆ. 2013ರಲ್ಲಿ ನಾನೇ ಇಟ್ಟುಕೊಟ್ಟಿದ್ದು. ಫೋನು ಬದಲಾದಾಗೆಲ್ಲ ಮತ್ತೆ ಇಟ್ಟಿದ್ದೇನೆ. ಪಕ್ಕದಲ್ಲಿದ್ದವರು ನೋಡಿದರೆ ಅನುಮಾನ ಬರಬಾರದು ಅಂತ ಅದಕ್ಕೆ 'ಮೋಟ್ರು' ಅಂತ ಹೆಸರು ಕೊಟ್ಟಿದ್ದೆ. ತ್ರೀ ಫೇಸ್ ಕರೆಂಟು ಯಾವ ಹೊತ್ತಿಗೆ ಬಂದರೂ ಎದ್ದು ಓಡೋ ನಮ್ಮ ಊರಲ್ಲಿ ಮೋಟರಿಗೆ ಅಲಾರಂ ಇಟ್ಟವನನ್ನ ಯಾರೂ ಏನೂ ಕೇಳಲ್ಲ.

ಇದನ್ನ ಬರೀಲಾ ಅಂತ ಮಾವನನ್ನ ಕೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದ. "ಬರಿ. ಮಾತ್ರೆ ಬಿಡೋ ಡ್ರೈವರ್ ಯಾರಾದ್ರೂ ಓದ್ಲಿ" ಅಂದ. ಆಮೇಲೆ, "ಊರ ಹೆಸ್ರು ಬ್ಯಾಡ."

ಹಾಕಿಲ್ಲ. ಅಜ್ಜಿ ಹೋದರು, ಕೊಟ್ಟಿಗೆಯ ತಟ್ಟೆ ಅಡುಗೆಮನೆಗೆ ಬಂದು ಎಷ್ಟೋ ವರ್ಷ ಆಯ್ತು, ನಾನು ಅವನ ಬಾಟ್ಲಿಯಿಂದ ನೀರು ಕುಡೀತೀನಿ. ಆದರೂ ಊರ ಹೆಸರು ಹಾಕುವಷ್ಟು ದೂರ ನಾವಿನ್ನೂ ಬಂದಿಲ್ಲ. ಇವತ್ತು ರಾತ್ರಿ ಒಂಬತ್ತಕ್ಕೂ ಅವನ ಫೋನಿನಲ್ಲಿ 'ಮೋಟ್ರು' ಅಂತಲೇ ಹೊಡೆಯುತ್ತೆ.